ಜಮಾಬಂದಿಯ ದಿಕ್ಕು

ಅರಸೊತ್ತಿಗೆಯಿಂದ ಜನರ ಆಳ್ವಿಕೆಗೆ ಬರುವುದೆಂದರೆ ಅಧಿಕಾರ ಒಂದು ಕೈಯಿಂದ ಹಲವು ಕೈಗಳಿಗೆ ದಾಟುವುದು. ಬಳ್ಳಾರಿ ಸೀಮೆಯಲ್ಲಿ ಅದು ಒಂದೇ ದಿನ ದಾಟಲಿಲ್ಲ. ಕುರುಗೋಡಿನ ಸಿಂದರು, ವಿಜಯನಗರದ ರಾಯರು, ಹಂಡೆ ಪಾಳೇಗಾರರು, ಹೈದರ್, ಟಿಪ್ಪು, 1792ರ ಶ್ರೀರಂಗಪಟ್ಟಣ ಒಪ್ಪಂದದ ನಂತರ ನಿಜಾಮ, 1800ರಲ್ಲಿ ಇಂಗ್ಲಿಷ್ ಕಂಪನಿ. ಒಡೆಯರು ಬದಲಾದರು, ಕಂದಾಯ ಕಟ್ಟುವವನು ಬದಲಾಗಲಿಲ್ಲ. ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯಲ್ಲಿ ಈ ವಿಷಯದ ಮೇಲೆ ನಿವೃತ್ತ ಮೇಷ್ಟ್ರೊಬ್ಬರಿಗೂ ಹಿಂದೆ ಪಂಚಾಯಿತಿ ಸದಸ್ಯೆಯಾಗಿದ್ದ ರೈತ ಮಹಿಳೆಗೂ ನಡೆಯುವ ಸಂವಾದ ಇದು.

ಸದಸ್ಯೆ: ಮೇಷ್ಟ್ರೇ, ಅಧಿಕಾರ ರಾಜನಿಂದ ಜನಕ್ಕೆ ಬಂದದ್ದು ಯಾವಾಗ? ಶಾಲೆಯಲ್ಲಿ 1947 ಅಂತ ಬರೆಸುತ್ತಿದ್ದರು.

ಮೇಷ್ಟ್ರು: ಆ ಉತ್ತರ ತಪ್ಪಲ್ಲಮ್ಮ, ಆದರೆ ಅಷ್ಟೇ ಸಾಲದು. ನಿಜಾಮ ಬಿಟ್ಟುಕೊಟ್ಟ ಈ ಸೀಮೆ, ಅಂದರೆ ದತ್ತ ಮಂಡಲ, ಕಂಪನಿ ಕೈಗೆ ಬಂದಾಗ ಇಲ್ಲಿ ಸುಮಾರು 80 ಪಾಳೇಗಾರರಿದ್ದರು. ಕಂಪನಿಯ ಕಲೆಕ್ಟರ್ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು ಅವರ ಬಲ ಮುರಿದ, ಹೊಲ ಅಳೆಸಿದ, ಕಂದಾಯವನ್ನು ನೇರವಾಗಿ ರೈತನ ಹೆಸರಿಗೆ ಹಾಕಿದ. ಪಾಳೇಗಾರ ಹೋದ, ಸರಿ. ಅವನ ಅಧಿಕಾರ ರೈತನಿಗೆ ಬಂತೇ?

ಸದಸ್ಯೆ: ಎಲ್ಲಿ ಬಂತು? ಕಲೆಕ್ಟರಿಗೆ ಹೋಯಿತು.

ಮೇಷ್ಟ್ರು: ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತಿತ್ತು. ಯಾರ ಹೊಲ ಎಷ್ಟು, ಬಾಕಿ ಎಷ್ಟು, ಈ ಸಲ ಕಟ್ಟಬೇಕಾದದ್ದು ಎಷ್ಟು ಎಂದು ಗೊತ್ತುಮಾಡುವ ಕೆಲಸ. ಊರ ಲೆಕ್ಕಿಗನಾದ ಕರಣಂ ಲೆಕ್ಕ ಓದುವನು, ರೈತ ಕೈಕಟ್ಟಿ ನಿಲ್ಲುವನು. ಕೇಳುವವರು ಮೇಲೆ, ಒಪ್ಪಿಸುವವರು ಕೆಳಗೆ. ಸಿಂಹಾಸನ ಇರಲಿ, ಕಚೇರಿಯ ಮೇಜು ಇರಲಿ, ಎಲ್ಲಿಯವರೆಗೆ ಲೆಕ್ಕ ಹೀಗೆ ಒಂದೇ ದಿಕ್ಕಿಗೆ ಹರಿಯುತ್ತದೋ ಅಲ್ಲಿಯವರೆಗೆ ಅದು ಅರಸೊತ್ತಿಗೆಯೇ.

ಸದಸ್ಯೆ: ಮೈಸೂರಿನಲ್ಲಿ ಆಗಲೇ ಜನರ ಸಭೆ ಇತ್ತಂತಲ್ಲ?

ಮೇಷ್ಟ್ರು: ದಿವಾನ ರಂಗಾಚಾರ್ಲು 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ದೊಡ್ಡ ಹೆಜ್ಜೆ. ಆದರೆ ಬಂದವರು ಜಮೀನ್ದಾರರು, ವರ್ತಕರು. ಅಹವಾಲು ಹೇಳಬಹುದಿತ್ತು, ತೀರ್ಮಾನ ಅವರದಲ್ಲ. ಮದರಾಸು ಪ್ರಾಂತ್ಯದಲ್ಲಿದ್ದ ನಮ್ಮಲ್ಲೂ ಆಸ್ತಿ, ತೆರಿಗೆ ನೋಡಿಯೇ ಮತ. ಪ್ರಾಯಕ್ಕೆ ಬಂದ ಪ್ರತಿಯೊಬ್ಬರಿಗೂ ಮತ ಸಿಕ್ಕಿದ್ದು ಮೊದಲ ಮಹಾಚುನಾವಣೆಯಲ್ಲಿ. 1952ರಲ್ಲಿ ಇಲ್ಲಿಯವರು ಮತ ಹಾಕಿದ್ದು ಮದರಾಸು ವಿಧಾನಸಭೆಗೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು.

ಪಕ್ಕದ ಸಂಡೂರಿನ ಸಂಗತಿ ಇನ್ನೂ ಹತ್ತಿರದ್ದು. ಘೋರ್ಪಡೆ ಮನೆತನದ ಆ ಪುಟ್ಟ ಸಂಸ್ಥಾನ 1949ರಲ್ಲಿ ಮದರಾಸು ಪ್ರಾಂತ್ಯದಲ್ಲಿ ವಿಲೀನವಾಯಿತು. ಅದೇ ಮನೆತನದ ಎಂ.ವೈ. ಘೋರ್ಪಡೆ ಮುಂದೆ ಸಂಡೂರಿನಿಂದ ಶಾಸಕರಾಗಿ ಆಯ್ಕೆಯಾದರು, ದೇವರಾಜ ಅರಸು ಸರ್ಕಾರದಲ್ಲಿ ಹಣಕಾಸು ಮಂತ್ರಿಯಾದರು, ಆಮೇಲೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯನ್ನೂ ನೋಡಿದರು.

ಸದಸ್ಯೆ: ಮತ್ತೆ ಅರಮನೆಯವರೇ ಗೆದ್ದರೆ ಬದಲಾದದ್ದೇನು?

ಮೇಷ್ಟ್ರು: ಕೇಳಬೇಕಾಗಿ ಬಂತಲ್ಲಮ್ಮ. ಘೋರ್ಪಡೆಯವರ ತಂದೆಗೆ ಪಟ್ಟ ಮನೆತನದಿಂದ ಬಂತು. ಮಗ ಕೂಲಿಯವರ ಮನೆ ಬಾಗಿಲಿಗೂ ಹೋಗಿ ಮತ ಕೇಳಬೇಕಾಯಿತು. ಇಲ್ಲ ಎನ್ನುವ ಹಕ್ಕು ಆ ಬಾಗಿಲ ಒಳಗಿತ್ತು.

ಸದಸ್ಯೆ: ಅದು ಐದು ವರ್ಷಕ್ಕೊಂದು ದಿನದ ಮಾತು. ಉಳಿದ ದಿನ ಊರೊಳಗೆ ಇದ್ದ ಅರಸು ಯಾರು? ಪಹಣಿ, ಕಂದಾಯ, ಜಗಳದ ತೀರ್ಮಾನ ಯಾರ ಕೈಯಲ್ಲಿತ್ತು?

ಇಲ್ಲಿ ಸದಸ್ಯೆಯ ಮಾತಿಗೇ ಹೆಚ್ಚು ತೂಕ. ಊರಿನ ಗೌಡಿಕೆ, ಶಾನುಭೋಗಿಕೆ, ಕರಣೀಕ ಅಪ್ಪನಿಂದ ಮಗನಿಗೆ ಬರುತ್ತಿದ್ದವು. ಮಹಾರಾಜರ ಆಳ್ವಿಕೆ ಮುಗಿದ ಮೇಲೂ ಅವು ಮುಗಿಯಲಿಲ್ಲ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದ ಮೇಲೆಯೇ ಊರ ಲೆಕ್ಕ ವಂಶದ ಕೈ ಬಿಟ್ಟು ನೇಮಕಗೊಂಡ ನೌಕರನ ಕೈಗೆ ಬಂತು. 1974ರ ಭೂ ಸುಧಾರಣೆ ತಿದ್ದುಪಡಿ ಗೇಣಿದಾರನಿಗೆ ಉಳುವ ಹೊಲ ಕೊಟ್ಟಿತು. ಧಣಿಯ ಹೊಲವನ್ನೇ ನಂಬಿದವನ ಮತ ಪೂರ್ತಿ ಅವನದಾಗಿರುವುದಿಲ್ಲ. ಆದ್ದರಿಂದ ಮತಪೆಟ್ಟಿಗೆಯ ಇತಿಹಾಸದಲ್ಲಿ ಈ ಕಾಯ್ದೆಗೂ ಜಾಗ ಸಲ್ಲಬೇಕು.

ಮೇಷ್ಟ್ರು: ಮಂಡಲ ಪಂಚಾಯಿತಿಗಳನ್ನು ತಂದ 1983ರ ಕಾಯ್ದೆ, ಆಗಿನ ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬರ ದುಡಿಮೆ, 1993ರ ಪಂಚಾಯತ್ ರಾಜ್ ಕಾಯ್ದೆ. ಹೆಂಗಸರಿಗೆ ಮೀಸಲು ಸ್ಥಾನ ಸಿಕ್ಕಿದ್ದು ಆ ದಾರಿಯಲ್ಲಿ. ನೀವು ಕೂತದ್ದೂ ಅಂಥ ಸ್ಥಾನದಲ್ಲೇ.

ಸದಸ್ಯೆ: ಕೂತೆ. ಮೊದಲ ವರ್ಷ ಸಹಿ ನನ್ನದು, ಮಾತು ನಮ್ಮ ಮನೆಯವರದು. ಎದುರಿಗಿದ್ದವರೂ ಅವರ ಮುಖ ನೋಡಿಯೇ ಮಾತಾಡುತ್ತಿದ್ದರು. ಸ್ಥಾನ ಬಂದ ಕೂಡಲೇ ಅಧಿಕಾರ ಬರಲಿಲ್ಲ, ಮೇಷ್ಟ್ರೇ.

ಮೇಷ್ಟ್ರು: ಮತ್ತೆ ಯಾವಾಗ ಬಂತು?

ಸದಸ್ಯೆ: ಜಮಾಬಂದಿಯ ದಿನ.

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಈಗ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ. ಹೆಸರು ಮಾತ್ರ ಹಳೆಯದು. ಪಂಚಾಯಿತಿಗೆ ಬಂದ ಹಣ, ಖರ್ಚು, ಕಾಮಗಾರಿಯ ಕಡತಗಳನ್ನು ಊರವರ ಎದುರಿಗೆ ತೆರೆದಿಡುತ್ತಾರೆ. ಕಾಮಗಾರಿ ನಡೆದ ಜಾಗಕ್ಕೂ ಹೋಗಿ ನೋಡುತ್ತಾರೆ. ರೈತ ಸರ್ಕಾರಕ್ಕೆ ಲೆಕ್ಕ ಒಪ್ಪಿಸುತ್ತಿದ್ದ ಪದವೇ ಸರ್ಕಾರ ರೈತನಿಗೆ ಲೆಕ್ಕ ಒಪ್ಪಿಸುವ ಪದವಾಯಿತು. ಬಳ್ಳಾರಿ ಸೀಮೆಯಲ್ಲಿ ಅಧಿಕಾರ ದಾಟಿದ್ದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಕಾಣದು.

ಸದಸ್ಯೆ: ಒಬ್ಬ ಮುದುಕಿ ಎದ್ದು ನಿಂತು, ನಮ್ಮ ಓಣಿಯ ಚರಂಡಿ ಕಾಗದದಲ್ಲಿ ಎಷ್ಟು ಗಜ ಇದೆ, ಓದಮ್ಮ ಅಂದಳು. ಕೇಳಿದ್ದು ನನ್ನನ್ನು, ನಮ್ಮ ಮನೆಯವರನ್ನಲ್ಲ. ಓದಿದೆ. ನೆಲದ ಮೇಲೆ ಅಷ್ಟು ಇರಲಿಲ್ಲ.

ಮೇಷ್ಟ್ರು: ಆಮೇಲೆ?

ಸದಸ್ಯೆ: ಟೇಪು ತರಿಸಿ ಅಳೆದೆವು. ಒಂದು ತುದಿ ಆಕೆಯೇ ಹಿಡಿದಿದ್ದಳು.