ಮಹಾಸೌಧವೂ ಬೀದಿಯ ಅಂಗಡಿಯೂ

ಪಟ್ಟಣದ ನಡುಭಾಗದಲ್ಲಿ ಹತ್ತಾರು ಅಂತಸ್ತುಗಳ ಕಚೇರಿಯ ಕಟ್ಟಡವೊಂದು ಏಳುವಾಗ ನೋಡುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಹುಟ್ಟುವುದು ಹೆಮ್ಮೆ. ಊರು ಬೆಳೆಯುತ್ತಿದೆ, ಕೆಲಸಗಳು ಹೆಚ್ಚುತ್ತವೆ, ಹಣ ಓಡಾಡುತ್ತದೆ ಎಂದು ಜನ ಹೇಳಿಕೊಳ್ಳುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಆ ಸ್ಥಳದಲ್ಲಿ ಬೀದಿಯನ್ನೇ ನಂಬಿ ಬಾಳುತ್ತಿದ್ದ ಚಿಲ್ಲರೆ ಅಂಗಡಿಗಳೂ ತಿಂಡಿಮನೆಗಳೂ ಏನಾದುವು ಎಂದು ಕೇಳುವವರು ಕಡಮೆ. ಹಲವರಿಗೆ ಒದಗುವ ಒಳ್ಳೆಯದಕ್ಕಾಗಿ ಕೆಲವರ ಬದುಕನ್ನು ಬೇರುಸಹಿತ ಕೀಳುವುದು ಎಷ್ಟರ ಮಟ್ಟಿಗೆ ಧರ್ಮಸಮ್ಮತ? ಕಿತ್ತಮೇಲೆ ಅವರಿಗೆ ಸಲ್ಲಬೇಕಾದ ಋಣವೇನು? ಇದನ್ನು ಬರಿಯ ತತ್ತ್ವವಾಗಿ ಚರ್ಚಿಸುವುದಕ್ಕಿಂತ, ನಡೆದುಹೋದ ಒಂದು ಸಂಗತಿಯನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಲೇಸು.

ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ ದ್ವೀಪದ ದಕ್ಷಿಣ ಭಾಗದಲ್ಲಿ, ಹಡ್ಸನ್ ನದಿಯ ದಡಕ್ಕೆ ಸಮೀಪವಾಗಿ, ಕೋರ್ಟ್‌ಲಂಡ್ ಬೀದಿಯೆಂಬುದೊಂದುಂಟು. ೧೯೨೦ರ ದಶಕದ ಆದಿಯಲ್ಲಿ, ರೇಡಿಯೋ ಎಂಬುದು ಇನ್ನೂ ಸೋಜಿಗವಾಗಿದ್ದಾಗ, ಅಲ್ಲಿ ರೇಡಿಯೋ ಯಂತ್ರಗಳನ್ನೂ ಅವುಗಳ ಬಿಡಿಭಾಗಗಳನ್ನೂ ಮಾರುವ ಅಂಗಡಿಗಳು ಹುಟ್ಟಿಕೊಂಡುವು. ಒಂದರ ಪಕ್ಕಕ್ಕೆ ಮತ್ತೊಂದು ಸೇರಿ, ಆ ಬೀದಿಗೂ ಸುತ್ತಲ ಬೀದಿಗಳಿಗೂ ‘ರೇಡಿಯೋ ಸಾಲು’ ಎಂಬ ಹೆಸರೇ ನಿಂತಿತು. ಎರಡನೆಯ ಮಹಾಯುದ್ಧ ಮುಗಿದ ಬಳಿಕ ಸೈನ್ಯಕ್ಕೆ ಬೇಡವಾದ ಯಂತ್ರಸಾಮಗ್ರಿಯೂ ಅಲ್ಲಿಗೆ ಬಂದು ಮಾರಾಟವಾಗುತ್ತಿತ್ತು. ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ವಿದ್ಯುತ್ ಉಪಕರಣದ ಚೂರೊಂದಕ್ಕಾಗಿ ಅಂಗಡಿಯಿಂದ ಅಂಗಡಿಗೆ ಅಲೆದವರಿಗೆ ಇಂತಹ ಬೀದಿಯ ಸ್ವರೂಪವನ್ನು ಬೇರೆ ವಿವರಿಸಬೇಕಾಗಿಲ್ಲ. ಒಬ್ಬನಲ್ಲಿ ಇಲ್ಲದ್ದು ಪಕ್ಕದವನಲ್ಲಿ ಸಿಕ್ಕುತ್ತದೆ. ಹತ್ತು ಅಂಗಡಿಗಳಿವೆಯೆಂಬ ಕಾರಣದಿಂದಲೇ ಗಿರಾಕಿ ದೂರದಿಂದ ಬರುತ್ತಾನೆ. ಅಲ್ಲಿ ಪ್ರತಿಸ್ಪರ್ಧಿಯೇ ಪೋಷಕನೂ ಆಗಿರುತ್ತಾನೆ.

ನ್ಯೂಯಾರ್ಕ್ ಮತ್ತು ನ್ಯೂಜರ್ಸಿ ರಾಜ್ಯಗಳೆರಡಕ್ಕೂ ಸೇರಿದ ಪೋರ್ಟ್ ಅಥಾರಿಟಿ ಎಂಬ ಸಂಸ್ಥೆ, ವಿಶ್ವವಾಣಿಜ್ಯ ಕೇಂದ್ರವನ್ನು ಕಟ್ಟಬೇಕೆಂಬ ಯೋಜನೆಯನ್ನು ಕೈಗೊಂಡಿತು. ಮೊದಲು ನಿಗದಿಯಾದ ಸ್ಥಳ ದ್ವೀಪದ ಪೂರ್ವದ ದಡ. ಅದರಿಂದ ತನಗೇನು ಲಾಭವೆಂದು ನ್ಯೂಜರ್ಸಿ ಕೇಳಿತು. ಆ ರಾಜ್ಯದಿಂದ ನದಿಯ ಕೆಳಗೆ ಹಾದುಬರುವ, ನಷ್ಟದಲ್ಲಿದ್ದ ರೈಲುಮಾರ್ಗವನ್ನು ಸಂಸ್ಥೆ ವಹಿಸಿಕೊಳ್ಳುವುದೆಂದೂ, ಕೇಂದ್ರವನ್ನು ಅದರ ನಿಲ್ದಾಣವಿದ್ದ ಪಶ್ಚಿಮದ ದಡದಲ್ಲಿ ಕಟ್ಟುವುದೆಂದೂ ಒಪ್ಪಂದವಾಯಿತು. ೧೯೬೨ರಲ್ಲಿ ಶಾಸನವೂ ಆಯಿತು. ರೇಡಿಯೋ ಸಾಲು ನಿಂತಿದ್ದುದು ಆ ಸ್ಥಳದಲ್ಲಿಯೇ. ಎರಡು ರಾಜ್ಯಗಳ ನಡುವಣ ತಕ್ಕಡಿ ಸಮನಾದಾಗ, ಆ ಮಾತುಕತೆಯಲ್ಲಿ ಸ್ಥಾನವೇ ಇಲ್ಲದಿದ್ದ ಮುನ್ನೂರಕ್ಕೂ ಮಿಕ್ಕ ಅಂಗಡಿಗಳ ಹಣೆಯ ಬರಹವೂ ತೀರ್ಮಾನವಾಗಿಹೋಯಿತು.

ಅಂಗಡಿಯವರು ಸುಮ್ಮನಿರಲಿಲ್ಲ. ಬೀದಿಯಲ್ಲಿ ಪ್ರತಿಭಟಿಸಿದರು, ನ್ಯಾಯಾಲಯಕ್ಕೂ ಹೋದರು. ಆ ವ್ಯಾಜ್ಯಕ್ಕೆ ಹೆಸರು ಬಂದದ್ದು ‘ಕರ್ಟೆಸಿ ಸ್ಯಾಂಡ್‌ವಿಚ್ ಷಾಪ್’ ಎಂಬ ಒಂದು ತಿಂಡಿಯಂಗಡಿಯಿಂದ. ರಸ್ತೆಗಾಗಿಯೋ ಸೇತುವೆಗಾಗಿಯೋ ನೆಲವನ್ನು ತೆಗೆದುಕೊಂಡರೆ ಅದು ಸಾರ್ವಜನಿಕ ಪ್ರಯೋಜನ. ಒಬ್ಬ ವ್ಯಾಪಾರಿಯನ್ನು ಎಬ್ಬಿಸಿ ಇನ್ನೊಬ್ಬ ವ್ಯಾಪಾರಿಗೆ ಕಚೇರಿ ಬಾಡಿಗೆಗೆ ಕೊಡುವುದು ಹೇಗೆ ಸಾರ್ವಜನಿಕವಾದೀತು ಎಂಬುದು ಅವರ ವಾದದ ತಿರುಳು. ೧೯೬೩ರ ಫೆಬ್ರವರಿಯಲ್ಲಿ ಒಂದು ನ್ಯಾಯಾಲಯ ಅವರ ಪಕ್ಷವನ್ನು ಎತ್ತಿಹಿಡಿಯಿತು. ಏಪ್ರಿಲಿನಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿ, ಬಂದರಿನ ವಾಣಿಜ್ಯವನ್ನು ಬೆಳೆಸುವುದೂ ಸಾರ್ವಜನಿಕ ಪ್ರಯೋಜನವೇ ಎಂದಿತು. ಅದೇ ವರ್ಷದ ನವೆಂಬರಿನಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವೂ ಅಂಗಡಿಯವರ ಮೇಲ್ಮನವಿಗೆ ಎಡೆಗೊಡಲಿಲ್ಲ. ೧೯೬೬ರ ಮಾರ್ಚಿಯಲ್ಲಿ ಕಟ್ಟಡಗಳನ್ನು ಕೆಡಹುವ ಕೆಲಸ ಮೊದಲಾಯಿತು. ೧೯೭೩ರ ಏಪ್ರಿಲ್ ೪ರಂದು, ೧೧೦ ಅಂತಸ್ತುಗಳ ಎರಡು ಗೋಪುರಗಳುಳ್ಳ ಕೇಂದ್ರ ವಿಧ್ಯುಕ್ತವಾಗಿ ಆರಂಭಗೊಂಡಿತು.

ಗೋಪುರದ ಪಕ್ಷದಲ್ಲಿ ಹೇಳತಕ್ಕದ್ದು ಬಹಳ ಉಂಟು. ನಗರದ ಆ ಭಾಗ ಕಳೆಗುಂದುತ್ತಿತ್ತು. ಹಡಗುಗಳ ವ್ಯಾಪಾರ ಬೇರೆ ಕಡೆಗೆ ಸರಿಯುತ್ತಿತ್ತು. ಗೋಪುರಗಳಲ್ಲಿ ಸಾವಿರಾರು ಮಂದಿ ದುಡಿದು ಸಂಸಾರಗಳನ್ನು ಸಾಕಿದರು. ಅಷ್ಟು ಜನ ಒಂದೆಡೆ ಸೇರಿದರೆ ಸುತ್ತಲಿನ ಅಂಗಡಿಗಳಿಗೆ ಗಿರಾಕಿಗಳು ಹೆಚ್ಚುವುದೂ ಸಹಜವೇ. ಆದರೆ ಆ ಗಿರಾಕಿ ಎಂತಹವನು, ಯಾವ ಹೊತ್ತಿನವನು ಎಂಬುದನ್ನೂ ನೋಡಬೇಕು. ಜೇನ್ ಜೇಕಬ್ಸ್ ಎಂಬ ವಿದುಷಿ ೧೯೬೧ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ನಗರದ ಇದೇ ಭಾಗವನ್ನು ಉದಾಹರಿಸಿ ಒಂದು ದೋಷವನ್ನು ತೋರಿಸಿಕೊಟ್ಟಿದ್ದಾರೆ. ಕಚೇರಿಗಳು ಮಾತ್ರವೇ ಇರುವೆಡೆ ಮಧ್ಯಾಹ್ನದ ಊಟದ ವೇಳೆಯಲ್ಲಿ ಬೀದಿ ಕಿಕ್ಕಿರಿಯುತ್ತದೆ, ಸಂಜೆಯಾದರೆ ಬರಿದಾಗುತ್ತದೆ. ಎರಡು ಮೂರು ಗಂಟೆಗಳ ಸಂಪಾದನೆಯಿಂದ ಇಡೀ ದಿನದ ಬಾಡಿಗೆಯನ್ನು ಕಟ್ಟಬೇಕಾದ ಅಂಗಡಿ ಬಹುಕಾಲ ನಿಲ್ಲಲಾರದು. ಹೊಸ ಉದ್ಯಮಗಳಿಗೆ ಬಾಡಿಗೆ ಕಡಮೆಯಿರುವ ಹಳೆಯ ಕಟ್ಟಡಗಳು ಬೇಕೆಂಬುದೂ ಅವರ ಮತ. ರೇಡಿಯೋ ವ್ಯಾಪಾರ ಒಂದು ಕಾಲಕ್ಕೆ ಅಂತಹ ಹೊಸ ಉದ್ಯಮವೇ ಆಗಿದ್ದಿತಲ್ಲವೆ?

ಗೋಪುರದ ರಚನೆಯೂ ಬೀದಿಗೆ ಪ್ರತಿಕೂಲವಾಯಿತು. ಹಳೆಯ ಬೀದಿಗಳನ್ನು ಮುಚ್ಚಿ ಒಂದೇ ಮಹಾ ನಿವೇಶನವನ್ನು ಮಾಡಿ, ನಡುವೆ ವಿಶಾಲವಾದ ಅಂಗಳವನ್ನು ಬಿಟ್ಟರು. ಗೋಪುರಗಳ ಗಾಳಿ ಬೀಸುವ ಅಲ್ಲಿ ಜನ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಅಂಗಡಿಗಳನ್ನು ನೆಲದ ಕೆಳಗೆ ಏರ್ಪಡಿಸಿದರು. ರೈಲಿನಿಂದ ಇಳಿದವನು ಬೀದಿಯ ಮುಖವನ್ನೇ ನೋಡದೆ ತನ್ನ ಕಚೇರಿಯನ್ನು ಸೇರಬಹುದಾಗಿತ್ತು. ಕಚೇರಿಯ ಗಿರಾಕಿಯೊಬ್ಬನನ್ನೇ ನಂಬುವುದು ಎಷ್ಟು ಅಪಾಯವೆಂಬುದು ೨೦೨೦ರ ಮಹಾಮಾರಿಯಲ್ಲಿ ಲೋಕಕ್ಕೆಲ್ಲ ತಿಳಿಯಿತು. ನೌಕರರು ಮನೆಗಳಲ್ಲಿಯೇ ಕುಳಿತು ಕೆಲಸಮಾಡಿದಾಗ, ಅವರ ಮಧ್ಯಾಹ್ನದ ಊಟವನ್ನು ನಂಬಿದ್ದ ಎಷ್ಟೋ ಅಂಗಡಿಗಳು ಬಾಗಿಲು ಹಾಕಿದುವು.

ಇನ್ನು ಪರಿಹಾರದ ಮಾತು. ಅಂಗಡಿಯನ್ನು ಸಾಗಿಸುವುದಕ್ಕೆಂದು ಸಂಸ್ಥೆ ಮುಂದಿಟ್ಟದ್ದು ತಲಾ ಮೂರು ಸಾವಿರ ಡಾಲರುಗಳು. ಅಂಗಡಿಯವರಲ್ಲಿ ಬಹುಮಂದಿ ಬಾಡಿಗೆದಾರರು. ನೆಲದ ಬೆಲೆ ನೆಲದೊಡೆಯನಿಗೆ ಸಂದಿತು. ಆದರೆ ಅಂಗಡಿಯ ನಿಜವಾದ ಬೆಲೆ ಎಲ್ಲಿತ್ತು? ನೆರೆಯ ಅಂಗಡಿಯಲ್ಲಿ, ಗಿರಾಕಿಯ ಅಭ್ಯಾಸದಲ್ಲಿ, ‘ಅಲ್ಲಿಗೆ ಹೋದರೆ ಸಿಕ್ಕುತ್ತದೆ’ ಎಂಬ ನಂಬಿಕೆಯಲ್ಲಿ. ಅದು ಯಾರೊಬ್ಬನ ಸ್ವತ್ತೂ ಅಲ್ಲ. ಸಾಲು ಚದರಿದೊಡನೆ ಅದು ಎಲ್ಲರಿಗೂ ಏಕಕಾಲದಲ್ಲಿ ಇಲ್ಲವಾಗುತ್ತದೆ. ಒಂದು ಅಂಗಡಿಗೆ ಬೇರೆ ಕಡೆ ಜಾಗ ಕೊಡಬಹುದು. ಮುನ್ನೂರು ಅಂಗಡಿಗಳ ಪರಸ್ಪರ ಸಂಬಂಧವನ್ನು ಗಾಡಿಯಲ್ಲಿ ಹೇರಿ ಸಾಗಿಸಲಾಗುವುದಿಲ್ಲ.

ರೇಡಿಯೋ ವ್ಯಾಪಾರ ಹೇಗೂ ಕಾಲಕ್ರಮದಲ್ಲಿ ಕ್ಷೀಣಿಸುತ್ತಿತ್ತು, ಗೋಪುರ ಬಾರದಿದ್ದರೂ ಆ ಅಂಗಡಿಗಳು ಉಳಿಯುತ್ತಿರಲಿಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಇರಬಹುದು. ಮುದಿಯನಾದವನು ಸಾಯುವುದೂ ಒಂದೇ, ಅವನನ್ನು ಮನೆಯಿಂದ ಹೊರಡಿಸುವುದೂ ಒಂದೇ ಎಂದು ಯಾರೂ ಹೇಳುವುದಿಲ್ಲವಷ್ಟೆ. ಕಾಲದೊಡನೆ ಸೆಣಸುವ ವ್ಯಾಪಾರಿಗೆ ಹೊಸ ಸರಕನ್ನು ಹಿಡಿಯುವ, ಮಗನನ್ನು ಬೇರೆ ಕಸಬಿಗೆ ಹಚ್ಚುವ ಅವಕಾಶವಿರುತ್ತದೆ. ಸರಕಾರದ ಆಜ್ಞೆಗೆ ಗುರಿಯಾದವನಿಗೆ ಅದಿಲ್ಲ. ಬಹುಜನರ ಲಾಭವನ್ನು ಕೂಡಿ, ಕೆಲವರ ನಷ್ಟವನ್ನು ಕಳೆದು, ಉಳಿಕೆ ಹೆಚ್ಚಾಗಿದ್ದರೆ ಕಾರ್ಯ ಸರಿಯೆನ್ನುವ ಲೆಕ್ಕದಲ್ಲಿ ಒಂದು ಕೊರತೆಯಿದೆ: ಲಾಭ ಪಡೆದವನೇ ಬೇರೆ, ನಷ್ಟ ಹೊತ್ತವನೇ ಬೇರೆ. ಒಬ್ಬನ ಹಸಿವು ಇನ್ನೊಬ್ಬನ ಊಟದಿಂದ ತೀರುವುದಿಲ್ಲ.

ನಮ್ಮ ಹಿರಿಯರು ‘ಯೋಗಕ್ಷೇಮ’ ಎಂಬ ಮಾತಿನಲ್ಲಿ ಎರಡು ಅರ್ಥಗಳನ್ನು ಒಟ್ಟಿಗೆ ಇರಿಸಿದ್ದಾರೆ. ಇಲ್ಲದ್ದನ್ನು ಪಡೆಯುವುದು ಯೋಗ. ಇರುವುದನ್ನು ಕಾಪಾಡುವುದು ಕ್ಷೇಮ. ಹೊಸ ಗೋಪುರ ಊರಿನ ಯೋಗ. ಹಳೆಯ ಬೀದಿ ಅದರ ಕ್ಷೇಮ. ಒಂದಕ್ಕಾಗಿ ಇನ್ನೊಂದನ್ನು ತ್ಯಜಿಸಲೇಬೇಕಾದ ಸಂದರ್ಭ ಬರಬಹುದು. ಆಗಲೂ ತ್ಯಾಗಮಾಡುವವರನ್ನು ಮೊದಲು ಕೇಳಬೇಕು. ಬರುವ ಲಾಭದಲ್ಲಿ ಅವರಿಗೆ ಪಾಲಿರಬೇಕು. ನಮ್ಮ ದೇಶದಲ್ಲಿ ೧೮೯೪ರ ಭೂಸ್ವಾಧೀನ ಶಾಸನ ಹೋಗಿ ೨೦೧೩ರ ಹೊಸ ಶಾಸನ ಬಂದಾಗ, ನೆಲದೊಡೆಯರ ಜೊತೆಗೆ, ಆ ಸ್ಥಳದಲ್ಲಿ ಮೂರು ವರ್ಷಗಳಿಂದ ದುಡಿದು ಜೀವನೋಪಾಯವನ್ನು ಕಳೆದುಕೊಳ್ಳುವ, ಸ್ವಂತ ಭೂಮಿಯಿಲ್ಲದ ಕುಟುಂಬಗಳನ್ನೂ ಬಾಧಿತರೆಂದು ಗಣಿಸಿದ್ದು ಈ ತತ್ತ್ವಕ್ಕೆ ಸಂದ ಮನ್ನಣೆ. ಶಾಸನದಲ್ಲಿ ಬರೆದದ್ದು ಆಚರಣೆಗೆ ಬರುವಂತೆ ನೋಡಿಕೊಳ್ಳುವ ಹೊಣೆ ಊರಿನ ವಿದ್ಯಾವಂತರದು.

೨೦೦೧ರ ಸೆಪ್ಟೆಂಬರ್ ೧೧ರಂದು ಆ ಗೋಪುರಗಳು ಘೋರ ದುಷ್ಕೃತ್ಯಕ್ಕೆ ತುತ್ತಾಗಿ ಉರುಳಿದುವು. ಸಾವಿರಾರು ನಿರಪರಾಧಿಗಳು ಮಡಿದರು. ಆ ದುಃಖವನ್ನು ಅಂಗಡಿಗಳ ಕಥೆಯೊಡನೆ ತೂಗುವುದು ಅವಿವೇಕ. ಆದರೆ ಆ ಸ್ಥಳವನ್ನು ಮತ್ತೆ ಕಟ್ಟುವಾಗ ನಿರ್ಮಾಪಕರು ಹಿಂದೆ ಮುಚ್ಚಿಹೋಗಿದ್ದ ಗ್ರೀನಿಚ್ ಬೀದಿಯನ್ನು ನಿವೇಶನದ ನಡುವೆ ಪುನಃ ಹಾಯಿಸಿದರು. ಬೀದಿಯನ್ನು ನುಂಗಿದ ಕಟ್ಟಡಕ್ಕಿಂತ ಬೀದಿಗೆ ಎಡೆಗೊಟ್ಟ ಕಟ್ಟಡ ಊರಿಗೆ ಹಿತವೆಂಬ ಅರಿವು ಅದರಲ್ಲಿ ಕಾಣುತ್ತದೆ. ನಮ್ಮ ಜಿಲ್ಲೆಯ ಪಟ್ಟಣಗಳಲ್ಲಿ ಪೇಟೆಬೀದಿಗಳು ಇನ್ನೂ ಉಳಿದಿವೆ. ನಾಳೆ ಅಲ್ಲೊಂದು ದೊಡ್ಡ ಕಟ್ಟಡದ ನಕ್ಷೆ ಮಂಜೂರಾತಿಗೆ ಬಂದಾಗ, ಅದರ ಎತ್ತರವೆಷ್ಟು ಎಂದು ವಿಚಾರಿಸುವುದರೊಡನೆ ಕೆಳಗಿನ ಅಂಗಡಿಗಳವರು ಎಲ್ಲಿಗೆ ಹೋಗುವರೆಂಬುದನ್ನೂ ಪುರಸಭೆಯಲ್ಲಿ ಎದ್ದು ಕೇಳುವವರು ನಮ್ಮಲ್ಲಿ ಕೆಲವರಾದರೂ ಇರಬೇಕು.