ಪಾದದಡಿಯ ಅಪಸ್ಮಾರ

ಕೇರಳದ ವಿಳಿಂಜಂ ಬಂದರಿನ ಸಮೀಪದಲ್ಲಿ, ಬಂಡೆಯನ್ನು ಕೊರೆದು ಮಾಡಿದ, ಸುಮಾರು 8ನೆಯ ಶತಮಾನದ್ದೆಂದು ವಿದ್ವಾಂಸರು ಗುರುತಿಸಿರುವ ಪುಟ್ಟ ಗುಹಾಲಯವೊಂದಿದೆ. ಅದರ ಗರ್ಭದಲ್ಲಿರುವುದು ವೀಣಾಧರ ದಕ್ಷಿಣಾಮೂರ್ತಿ, ಎಂದರೆ ವೀಣೆ ಹಿಡಿದ ಗುರುರೂಪಿ ಶಿವ. ಹೊರಗಿನ ಎರಡು ಪಕ್ಕಗಳಲ್ಲಿ ತ್ರಿಪುರಾಂತಕನೂ ಪಾರ್ವತಿಯೊಡನೆ ನರ್ತಿಸುವ ಶಿವನೂ ಅರೆಬರೆ ಕೆತ್ತನೆಯಲ್ಲೇ ನಿಂತುಹೋಗಿದ್ದಾರೆ. ದಕ್ಷಿಣಭಾರತದ ಶಿಲ್ಪಪರಂಪರೆಯಲ್ಲಿ ದಕ್ಷಿಣಾಮೂರ್ತಿಗಾಗಲಿ ನಟರಾಜನಿಗಾಗಲಿ ಸಾಮಾನ್ಯವಾಗಿ ಪಾದದಡಿಯಲ್ಲಿ ಕುಳ್ಳ ಆಕೃತಿಯೊಂದು ಸಿಕ್ಕಿಕೊಂಡಿರುತ್ತದೆ. ಅವನ ಹೆಸರು ಅಪಸ್ಮಾರಪುರುಷ, ತಮಿಳಿನಲ್ಲಿ ಮುಯಲಗನ್. ಮೂರ್ತಿಶಾಸ್ತ್ರದ ವ್ಯಾಖ್ಯಾನದಲ್ಲಿ ಅವನು ಅಜ್ಞಾನದ ಸಂಕೇತ. ಆದರೆ ಆಯುರ್ವೇದದಲ್ಲಿ ‘ಅಪಸ್ಮಾರ’, ಅಂದರೆ ಸ್ಮೃತಿ ಕಳಚಿಹೋಗುವುದು, ಮೂರ್ಛೆರೋಗದ ಹೆಸರು; ತಮಿಳಿನ ಮುಯಲಗನ್ ಪದಕ್ಕೂ ಅದೇ ಎರಡನೆಯ ಅರ್ಥವಿದೆ. ಜ್ಞಾನದ ಶತ್ರುವಿಗೂ ಮಿದುಳಿನ ಒಂದು ಕಾಯಿಲೆಗೂ ಒಂದೇ ಹೆಸರು ಬಂದಿರುವುದರಿಂದ, ಸ್ಮೃತಿ ಹೋದಾಗ ಮನುಷ್ಯನಲ್ಲಿ ಹೋಗುವುದು ಏನು ಎಂಬ ಹಳೆಯ ಪ್ರಶ್ನೆ ಇಲ್ಲಿ ಬೇರೆಯೇ ಮೊನಚನ್ನು ಪಡೆಯುತ್ತದೆ.

ವೈದ್ಯರು ಈ ಎರಡು ಅರ್ಥಗಳನ್ನು ಬಹುಕಾಲದ ಹಿಂದೆಯೇ ಬಿಡಿಸಿಕೊಂಡಿದ್ದರು. ಚರಕಸಂಹಿತೆಯ ನಿದಾನಸ್ಥಾನದ ಎಂಟನೆಯ ಅಧ್ಯಾಯವು ಅಪಸ್ಮಾರವನ್ನು ವಾತ, ಪಿತ್ತ, ಕಫ, ಈ ಮೂರೂ ಸೇರಿದ ಸನ್ನಿಪಾತ ಎಂದು ನಾಲ್ಕು ಬಗೆಯ ರೋಗವಾಗಿ ವಿಂಗಡಿಸುತ್ತದೆ. ಚರಕನಿಗೆ ಮನಸ್ಸಿನ ನೆಲೆ ಹೃದಯ. ಭೇಲಸಂಹಿತೆಯಾದರೋ ಅದನ್ನು ತಲೆಗೂ ಅಂಗುಳಿಗೂ ನಡುವೆ ಇರಿಸುತ್ತದೆ. ಕ್ರಿಸ್ತಪೂರ್ವ 400ರ ಸುಮಾರಿಗೆ ಗ್ರೀಸಿನಲ್ಲಿ, ಹಿಪಾಕ್ರಟೀಸನ ಹೆಸರಿನಲ್ಲಿ ಉಳಿದಿರುವ ಗ್ರಂಥವೊಂದು, ಜನ ದೈವಿಕವೆಂದು ಹೆದರುತ್ತಿದ್ದ ಈ ರೋಗ ಉಳಿದ ರೋಗಗಳಿಗಿಂತ ಹೆಚ್ಚು ದೈವಿಕವೇನೂ ಅಲ್ಲ, ಅದರ ಮೂಲ ಮಿದುಳಿನಲ್ಲಿದೆ ಎಂದು ವಾದಿಸಿತು.

ವಯಸ್ಕರ ಮಿದುಳು ಸುಮಾರು 1.3ರಿಂದ 1.4 ಕಿಲೋಗ್ರಾಂ ತೂಗುತ್ತದೆ. ದೇಹದ ತೂಕದಲ್ಲಿ ಶೇಕಡ 2ರಷ್ಟಿದ್ದರೂ ದೇಹದ ಶಕ್ತಿಯ ಐದನೆಯ ಒಂದು ಭಾಗವನ್ನು ಅದೇ ಬಳಸಿಕೊಳ್ಳುತ್ತದೆ. ಅದರಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ ಕೆಲವು ನೆರೆಯ ಕೋಶಗಳನ್ನು ಪ್ರಚೋದಿಸುತ್ತವೆ, ಕೆಲವು ತಡೆಯುತ್ತವೆ. ಈ ಸಮತೋಲ ತಪ್ಪಿ ಅಸಂಖ್ಯ ಕೋಶಗಳು ಒಟ್ಟಿಗೇ ವಿದ್ಯುತ್ ಸಂಕೇತಗಳನ್ನು ಹೊಮ್ಮಿಸಿದಾಗ ಸೆಳವು ಬರುತ್ತದೆ. ಸೆಳವು ಕಿವಿಯ ನೇರಕ್ಕಿರುವ ಟೆಂಪೊರಲ್ ಹಾಲೆಯ ಒಳಮಗ್ಗುಲಲ್ಲಿ, ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಹುಟ್ಟಿದರೆ ರೋಗಿ ನೆಲಕ್ಕೆ ಬೀಳದೆಯೂ ಇರಬಹುದು. ಕಣ್ಣು ತೆರೆದೇ ಇರುತ್ತದೆ, ತುಟಿ ಚಪ್ಪರಿಸುತ್ತದೆ, ಬೆರಳು ಅಂಗಿಯ ಗುಂಡಿಯನ್ನು ತಡವುತ್ತದೆ, ಆದರೆ ಅನಂತರ ಇದಾವುದೂ ಅವನ ನೆನಪಿನಲ್ಲಿರುವುದಿಲ್ಲ. (ಸೆಳವು ಬಂದವರ ಕೈಗೆ ಬೀಗದ ಕೈ ಹಿಡಿಸುವ ರೂಢಿ ಇನ್ನೂ ಅಳಿದಿಲ್ಲ. ಬಹುಪಾಲು ಸೆಳವುಗಳು ಎರಡು ಮೂರು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುವುದರಿಂದ ಕೀರ್ತಿಯೆಲ್ಲ ಕಬ್ಬಿಣಕ್ಕೆ ಸಲ್ಲುತ್ತದೆ. ರೋಗಿಯನ್ನು ಮಗ್ಗುಲಿಗೆ ಹೊರಳಿಸುವುದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ.)

ಕಾಲಡಿಯ ಶಂಕರರದೆಂದು ಪರಂಪರೆ ಹೇಳುವ, ಸುರೇಶ್ವರರ ಹೆಸರಿನ ‘ಮಾನಸೋಲ್ಲಾಸ’ ವಿವರಿಸುವ ದಕ್ಷಿಣಾಮೂರ್ತಿ ಸ್ತೋತ್ರದ ವಾದವೊಂದು ಇಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಗಾಢನಿದ್ರೆಯಲ್ಲಿ ಇಂದ್ರಿಯಗಳೆಲ್ಲ ಅಡಗಿದ್ದರೂ, ಎದ್ದವನು ಮಲಗಿದ್ದವನು ತಾನೇ ಎಂದು ಗುರುತಿಸುತ್ತಾನೆ. ಈ ಗುರುತಿಗೆ ಪ್ರತ್ಯಭಿಜ್ಞೆ ಎಂದು ಹೆಸರು. ಆದ್ದರಿಂದ ನಿದ್ರೆಯಲ್ಲಿಯೂ ಆತ್ಮ ಇಲ್ಲವಾಗಿರಲಿಲ್ಲ ಎಂಬುದು ಅದರ ತಿರುಳು. ಆದರೆ ಟೆಂಪೊರಲ್ ಸೆಳವಿನಿಂದ ಹೊರಬಂದವನಿಗೆ ಆ ಗುರುತು ಇರುವುದಿಲ್ಲ; ನಡೆದದ್ದನ್ನು ಪಕ್ಕದವರು ಹೇಳಬೇಕು. ಇದಕ್ಕಿಂತ ಕಠಿಣವಾದ ಉದಾಹರಣೆ ಅಮೆರಿಕದ ಹೆನ್ರಿ ಮೊಲೈಸನ್‌ನದು. ಇಪ್ಪತ್ತೇಳರ ವಯಸ್ಸಿನಲ್ಲಿ, 1953ರಲ್ಲಿ, ಅಪಸ್ಮಾರವನ್ನು ಹತೋಟಿಗೆ ತರಲು ಶಸ್ತ್ರವೈದ್ಯ ವಿಲಿಯಂ ಸ್ಕೊವಿಲ್ ಅವನ ಎರಡೂ ಪಕ್ಕದ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದರು. ಸೆಳವುಗಳು ತಗ್ಗಿದವು, ಆದರೆ ಹೊಸ ನೆನಪು ಕಟ್ಟುವ ಶಕ್ತಿಯೇ ಹೋಯಿತು. 2008ರಲ್ಲಿ ಸಾಯುವವರೆಗೂ ಅದು ಮರಳಲಿಲ್ಲ. ರೋಗದ ಹೆಸರು ಚಿಕಿತ್ಸೆಯ ಫಲದಲ್ಲಿ ಅಕ್ಷರಶಃ ನಿಜವಾಯಿತು. ಹಾಗಿದ್ದೂ, ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ಎಳೆಯುವ ಅಭ್ಯಾಸದಲ್ಲಿ ಅವನ ಕೈ ದಿನದಿಂದ ದಿನಕ್ಕೆ ಪಳಗಿದ್ದನ್ನು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ದಾಖಲಿಸಿದರು; ಹಿಂದೆ ಅದನ್ನು ಮಾಡಿದ್ದೇನೆಂಬುದೇ ಅವನಿಗೆ ತಿಳಿದಿರಲಿಲ್ಲ.

ವೇದಾಂತಿಯ ಉತ್ತರ ಊಹಿಸಲು ಕಷ್ಟವಲ್ಲ. ಸ್ಮೃತಿ ಅಂತಃಕರಣದ, ಅಂದರೆ ಒಳಗಿನ ಉಪಕರಣದ, ಧರ್ಮ. ಉಪಕರಣ ಕೆಟ್ಟರೆ ಸಾಕ್ಷಿಗೆ, ಅಂದರೆ ಎಲ್ಲವನ್ನೂ ನೋಡುವ ಆತ್ಮಕ್ಕೆ, ಕೇಡಿಲ್ಲ. ಈ ಉತ್ತರದಲ್ಲಿ ಅಸಂಗತಿ ಇಲ್ಲ, ಆದರೆ ಅದಕ್ಕೆ ತೆರಬೇಕಾದ ಬೆಲೆ ಇದೆ: ಸ್ಮೃತಿ ಬರಿಯ ಉಪಕರಣದ್ದಾದರೆ, ಸ್ಮೃತಿಯನ್ನೇ ಆಧಾರ ಮಾಡಿಕೊಂಡ ಪ್ರತ್ಯಭಿಜ್ಞೆ ಸಾಕ್ಷಿಯ ಇರವಿಗೆ ಪ್ರಮಾಣವಾಗಲಾರದು. ದೇಹದಾಚೆ ಆತ್ಮವಿಲ್ಲವೆನ್ನುವ ಚಾರ್ವಾಕನೂ ಇಷ್ಟರಿಂದಲೇ ಗೆದ್ದೆನೆಂದು ಬೀಗುವಂತಿಲ್ಲ. ಮಿದುಳಿನ ಯಾವ ಭಾಗ ಕೆಟ್ಟರೆ ಯಾವ ಸಾಮರ್ಥ್ಯ ಕುಂದುತ್ತದೆ ಎಂಬುದು ತಿಳಿದ ಮಾತ್ರಕ್ಕೆ, ವಿದ್ಯುತ್ತಿನ ಅಲೆ ಅನುಭವವಾಗುವುದು ಹೇಗೆಂದು ತಿಳಿದಂತಾಗುವುದಿಲ್ಲ. ಸೋತಿರುವುದು ಒಂದು ವಾದ ಮಾತ್ರ, ಪ್ರಶ್ನೆಯಲ್ಲ.

ಮೊಲೈಸನ್ ಕಲಿಸಿದ ಪಾಠ ಶಸ್ತ್ರಚಿಕಿತ್ಸೆಯ ಕ್ರಮವನ್ನೇ ಬದಲಿಸಿತು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ, ಗುಹಾಲಯದಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿದ್ದು, 1995ರಿಂದ ಅಪಸ್ಮಾರಕ್ಕೆ ಶಸ್ತ್ರಚಿಕಿತ್ಸೆ ನಡೆಸುತ್ತಿದೆ. ಇಂಥ ಕೇಂದ್ರಗಳಲ್ಲಿ ಸೆಳವಿನ ಮೂಲವನ್ನು ವಿಡಿಯೊ, ಇಇಜಿ, ಎಂಆರ್‌ಐಗಳಿಂದ ಪತ್ತೆಹಚ್ಚಿ, ಒಂದು ಪಕ್ಕದ ಭಾಗವನ್ನಷ್ಟೇ ತೆಗೆಯುತ್ತಾರೆ. ಉಳಿಯುವ ಪಕ್ಕ ಸ್ಮೃತಿಯ ಭಾರವನ್ನು ಹೊರಬಲ್ಲದೇ ಎಂಬುದನ್ನು ಮೊದಲೇ ಪರೀಕ್ಷಿಸುತ್ತಾರೆ.

ಶಿಲ್ಪದ ಅಪಸ್ಮಾರನನ್ನು ಅಜ್ಞಾನವೆಂದು ಓದುವುದರಲ್ಲಿ ದೋಷವಿಲ್ಲ; ರೋಗಿಯನ್ನು ಆ ಶಿಲ್ಪದ ಕಣ್ಣಿನಿಂದ ಓದಿದ್ದೇ ತಪ್ಪು, ಮತ್ತು ಆ ತಪ್ಪು ದೇವಾಲಯಕ್ಕಷ್ಟೇ ಸೀಮಿತವಾಗಿರಲಿಲ್ಲ. 1976ರ ತಿದ್ದುಪಡಿಯ ಮೂಲಕ ಹಿಂದೂ ವಿವಾಹ ಕಾಯಿದೆಯು ಅಪಸ್ಮಾರವನ್ನು ಬುದ್ಧಿಭ್ರಮಣೆಯ ಪಕ್ಕದಲ್ಲಿಟ್ಟು, ಪದೇ ಪದೇ ಸೆಳವು ಬರುವವರನ್ನು ವಿವಾಹಕ್ಕೆ ಅನರ್ಹರೆಂದು ಬರೆಯಿತು. ಅಪಸ್ಮಾರ ಎಂಬ ಪದವನ್ನು ಸಂಸತ್ತು ಕಾಯಿದೆಯಿಂದ ತೆಗೆದುಹಾಕಿದ್ದು 1999ರಲ್ಲಿ.