ಕುಂಬಾರನ ಕತ್ತೆ, ಗಣಪತಿಯ ಎಡಗಣ್ಣು

ಮೂಡಿಗೆರೆಯ ಭಾದ್ರಪದದಲ್ಲಿ ಕಂಪ್ರೆಸರ್ ಗಾಳಿಯ ಜೊತೆ ನೀರನ್ನೂ ಕೊಡುತ್ತದೆ. ಬಯಲುಸೀಮೆಯ ಪೇಂಟರುಗಳಿಗೆ ಹೇಳಿದರೆ ನಗುತ್ತಾರೆ. ಒಗೆದ ಬಟ್ಟೆ ವಾರವಾದರೂ ಒಣಗದ, ಗೂಟಕ್ಕೆ ನೇತುಹಾಕಿದ ಬೆಲ್ಟಿಗೂ ಬೂಷ್ಟು ಹಿಡಿಯುವ ಊರು ಇದು. ಇಂಥ ಗಾಳಿಯನ್ನು ಎಳೆದು ಅದುಮಿದರೆ ಬಿಸಿಯಾಗುತ್ತದೆ. ಟ್ಯಾಂಕು, ಪೈಪು ದಾಟುವಷ್ಟರಲ್ಲಿ ತಣ್ಣಗಾಗುತ್ತದೆ. ತಣ್ಣಗಾದ ಮೇಲೆ ಅಷ್ಟು ತೇವವನ್ನು ಹೊರಲಾರದೆ ಹನಿಯಾಗಿ ಇಳಿಸಿಬಿಡುತ್ತದೆ. ಆ ಹನಿ ಏರ್‌ಬ್ರಷ್ಷಿನ ಮೂತಿಯಿಂದ ಯಾವ ಗಳಿಗೆಯಲ್ಲಿ ಹಾರುತ್ತದೋ ಹೇಳಲಾಗದು.

ನಾನು ಕಳಸದ ಪುರೋಹಿತರ ಮನೆಯವನು. ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹದವರೆಗೆ ಓದಿ, ಮುಂದಿನದಕ್ಕೆ ಮನಸ್ಸಿಲ್ಲದೆ, ಮೂಡಿಗೆರೆಗೆ ಬಂದು ಬೋರ್ಡು ಬರೆಯುವವನಾದೆ. ಎಸ್ಟೇಟಿನ ಗೇಟು, ಜೀಪಿನ ನಂಬರು, ಅಂಗಡಿಯ ಹೆಸರು. ಫ್ಲೆಕ್ಸ್ ಬಂತು, ಬೋರ್ಡು ಹೋಯಿತು, ಏರ್‌ಬ್ರಷ್ ಹಿಡಿದೆ. ಈಗ ವರ್ಷವಿಡೀ ಬೈಕಿನ ಟ್ಯಾಂಕಿಗೆ ಹುಲಿ, ಶ್ರಾವಣ ಕಳೆಯುವ ಹೊತ್ತಿಗೆ ಗಣಪತಿ. ಮಣ್ಣಿನ ಕೆಲಸ ನನ್ನದಲ್ಲ, ಬಣ್ಣ ಮಾತ್ರ.

ಒಂದು ವರ್ಷ ಕೊಟ್ಟಿಗೆಹಾರದ ಕಡೆಯ ಸಮಿತಿಯವರು ಮೂರ್ತಿ ನೋಡಲು ಬಂದರು. ಎಡಗಣ್ಣಿನ ಕೆಳಗೆ ಕೆನ್ನೆಯ ಗುಲಾಬಿ ಬಣ್ಣದಲ್ಲಿ ನಾಲ್ಕೈದು ಬಿಳಿ ಚುಕ್ಕೆ. ಸಮಿತಿಯ ಹಿರಿಯ ಗೌಡರು ಟಾರ್ಚು ಬಿಟ್ಟು ನೋಡಿ, "ಏನ್ ಭಟ್ರೇ ಇದು, ಗಣಪತಿ ಅತ್ತಂಗೆ ಕಾಣ್ತದಲ್ಲ" ಅಂದರು. ಜೊತೆಗಿದ್ದವರ ಮುಖ ಸಪ್ಪಗಾಯಿತು. ಆ ವರ್ಷ ಆನೆ ಕಾಟ ಬೇರೆ. ಜೋಯಿಸರನ್ನು ಕೇಳಬೇಕು ಅಂತ ಒಬ್ಬರು, ಹೊರನಾಡಿನ ದೇವಸ್ಥಾನಕ್ಕೆ ಹೋಗಿ ಬರೋಣ ಅಂತ ಇನ್ನೊಬ್ಬರು.

ಏರ್‌ಬ್ರಷ್ಷಿನ ರೋಗಗಳಿಗೆ ಒಂದೊಂದಕ್ಕೂ ಒಂದೊಂದು ಮುಖವಿದೆ. ಬಣ್ಣ ಹಾಲಿನಷ್ಟು ತೆಳ್ಳಗಿರದೆ ಗಟ್ಟಿಯಾದರೆ, ಅಥವಾ ಸೂಜಿಯ ತುದಿಯಲ್ಲಿ ಒಣಗಿ ಕೂತರೆ, ಉಗುಳಿದ ಹಾಗೆ ಬಣ್ಣದ ಚುಕ್ಕೆ ಬೀಳುತ್ತವೆ. ಸೂಜಿ ಸೊಟ್ಟಗಾಗಿದ್ದರೆ ಗೆರೆ ಒಂದು ಪಕ್ಕಕ್ಕೆ ಎಳೆಯುತ್ತದೆ. ಸೂಜಿ ತೆಗೆದು ಗಾಜಿನ ಮೇಲೆ ಉರುಳಿಸಿದರೆ ತುದಿ ಕುಣಿಯುವುದು ಕಾಣುತ್ತದೆ. ನಾಝಲ್ ಸರಿಯಾಗಿ ಕೂತಿಲ್ಲದಿದ್ದರೆ ಗಾಳಿ ಹಿಂದಕ್ಕೆ ನುಗ್ಗಿ ಬಣ್ಣದ ಬಟ್ಟಲಲ್ಲಿ ಗುಳ್ಳೆ ಏಳುತ್ತದೆ. ಬಣ್ಣ ನೀರಾಗಿ, ಕೈ ತೀರಾ ಹತ್ತಿರ ಹೋದರೆ ಜೇಡನ ಕಾಲಿನಂತೆ ಸುತ್ತ ಹರಿಯುತ್ತದೆ. ಇತ್ತೀಚೆಗೆ ಇನ್ನೊಂದು ಸೇರಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಮೂರ್ತಿ ವಿಸರ್ಜನೆಯ ಮಾರ್ಗಸೂಚಿ ಪರಿಷ್ಕರಿಸಿದ ಮೇಲೆ ಸಮಿತಿಗಳು ನೈಸರ್ಗಿಕ ಬಣ್ಣವನ್ನೇ ಕೇಳುತ್ತವೆ. ಒಳ್ಳೆಯದೇ. ನಮ್ಮ ತಾಲ್ಲೂಕಿನಲ್ಲೇ ಹುಟ್ಟುವ ಹೇಮಾವತಿಗೆ ಸೀಸ ಕುಡಿಸಿ ಪುಣ್ಯ ಕಟ್ಟಿಕೊಳ್ಳುವುದು ಯಾವ ಶಾಸ್ತ್ರ? ಆದರೆ ಮಣ್ಣಿನ ಬಣ್ಣದ ಕಣ 0.3 ಮಿಲಿಮೀಟರಿನ ನಾಝಲಿಗೆ ದಪ್ಪ. ಎರಡು ಸಲ ಬಟ್ಟೆಯಲ್ಲಿ ಸೋಸದಿದ್ದರೆ ಕಟ್ಟಿಕೊಳ್ಳುವುದು ಖಂಡಿತ.

ಗಣಪತಿಯ ಕೆನ್ನೆಯ ಚುಕ್ಕೆ ಇವು ಯಾವುವೂ ಅಲ್ಲ. ಹತ್ತಿರದಿಂದ ನೋಡಿದರೆ ನಡುವೆ ಬಣ್ಣ ತೊಳೆದುಹೋಗಿ, ಅಂಚಿನಲ್ಲಿ ಗುಲಾಬಿ ಒತ್ತಾಗಿ ಉಂಗುರ ಕಟ್ಟಿತ್ತು. ಬಣ್ಣ ಹಾರಿದ್ದರೆ ಹೆಚ್ಚಾಗಬೇಕಿತ್ತು, ಇಲ್ಲಿ ಕಡಿಮೆಯಾಗಿತ್ತು. ಬಟ್ಟಲು ತೊಳೆದು ಖಾಲಿ ಮಾಡಿ, ಗೋಡೆಯ ಕನ್ನಡಿ ಇಳಿಸಿ ಗೌಡರ ಕೈಗೆ ಕೊಟ್ಟು, ಬರೀ ಗಾಳಿ ಊದಿದೆ. ಮೊದಲು ಏನೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಕನ್ನಡಿಯ ಮೇಲೆ ಸಾಸಿವೆಯಷ್ಟು ಎರಡು ಹನಿ. ಟ್ಯಾಂಕಿನ ಅಡಿಯ ವಾಲ್ವು ತಿರುಗಿಸಿದಾಗ ತುಕ್ಕಿನ ಬಣ್ಣದ ನೀರು ಬುಸ್ಸೆಂದು ಹೊರಬಂತು. ಅದು ಪೂರ್ತಿ ಬಸಿದ ಮೇಲೆ ಮತ್ತೆ ಊದಿದೆ; ಕನ್ನಡಿ ಒಣಗಿಯೇ ಇತ್ತು.

ಅದು ಇದ್ದರೆ ಇದು ಇರುತ್ತದೆ, ಅದು ಇಲ್ಲದಿದ್ದರೆ ಇದೂ ಇಲ್ಲ. ಅನ್ವಯ, ವ್ಯತಿರೇಕ. ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಕಂಪ್ರೆಸರಿನ ಬುಡದಲ್ಲಿ ಕೆಲಸಕ್ಕೆ ಬಂತು. ಇನ್ನೂ ಹೆಚ್ಚಾಗಿ ಕೆಲಸಕ್ಕೆ ಬರುವವನು ಹದಿನೇಳನೇ ಶತಮಾನದ ನ್ಯಾಯಶಾಸ್ತ್ರದ ಪಂಡಿತ ವಿಶ್ವನಾಥ ಪಂಚಾನನ. ಮಡಕೆ ಆಗುವ ಮುಂಚೆ ಅಲ್ಲಿ ಏನೇನೆಲ್ಲ ಇತ್ತು ಎಂದು ಅವನು ತನ್ನ ಮುಕ್ತಾವಳಿ ಎಂಬ ಗ್ರಂಥದಲ್ಲಿ ಎಣಿಸುತ್ತಾನೆ: ಚಕ್ರ ತಿರುಗಿಸುವ ಕೋಲಿನ ಬಣ್ಣ, ಕುಂಬಾರನ ಅಪ್ಪ, ಮಣ್ಣು ಹೊತ್ತು ತಂದ ಕತ್ತೆ. ಇವೆಲ್ಲ ಮುಂಚೆ ಇದ್ದವು ನಿಜ, ಮಡಕೆಗೆ ಕಾರಣವಲ್ಲ. ಅನ್ಯಥಾಸಿದ್ಧ ಎಂದು ಪಕ್ಕಕ್ಕೆ ಸರಿಸುತ್ತಾನೆ. ಅಪಶಕುನ ಹುಡುಕುವವರು ಮಾಡುವುದೇ ಇದರ ತಿರುಗುಮುರುಗು. ಬೆಕ್ಕು ಅಡ್ಡ ಬಂದಿತ್ತು, ಯಾರೋ ಸೀನಿದ್ದರು, ಅಮಾವಾಸ್ಯೆಯ ದಿನ ಮುಂಗಡ ಕೊಟ್ಟಿದ್ದೆವು. ಕತ್ತೆಗಳ ಹಿಂಡನ್ನೇ ಹೊಡೆದುಕೊಂಡು ಬರುತ್ತಾರೆ.

ಗೌಡರು ಜಾಣರು. ಕನ್ನಡಿ ಕೆಳಗಿಟ್ಟು ಕೇಳಿದರು: "ನೀರು ಹೆಂಗೆ ಬಂತು ಅಂತ ಆಯ್ತು. ಇಷ್ಟೊಂದು ಗಣಪತಿ ಅವೆ, ನಮ್ಮದರ ಮೇಲೇ ಯಾಕೆ ಬಿತ್ತು?"

ಒಳ್ಳೆಯ ಪ್ರಶ್ನೆ, ಮತ್ತು ಅದಕ್ಕೂ ಉತ್ತರವಿತ್ತು. ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಮೂರ್ತಿ ಅವರದು. ಬೆಳಗ್ಗಿಂದ ಬಿಡುವಿಲ್ಲದೆ ಕಂಪ್ರೆಸರ್ ಓಡಿದೆ, ಟ್ಯಾಂಕು ಕಾದಿದೆ, ನೀರು ತುಂಬಿದೆ. ಕಣ್ಣಿನ ನೆರಳು ಕೊಡುವುದು ಕೊನೆಗೆ. ದೊಡ್ಡದನ್ನು ಯಾಕೆ ಹೇಳಿದರು? ಹಿಂದಿನ ವರ್ಷ ಪಕ್ಕದ ಊರಿನವರದು ಇವರದಕ್ಕಿಂತ ಒಂದು ಗೇಣು ಎತ್ತರವಿತ್ತು. ಇದನ್ನು ನಾನು ಹೇಳಲಿಲ್ಲ, ಸಮಿತಿಯ ಹುಡುಗನೊಬ್ಬ ಹೇಳಿ ನಕ್ಕ.

"ಹಂಗಾರೆ ದೇವರಿಗೂ ಇದಕ್ಕೂ ಸಂಬಂಧವೇ ಇಲ್ಲ ಅಂತೀರಾ?"

ಇಲ್ಲಿ ನಮ್ಮ ನೈಯಾಯಿಕರ ನಿಲುವು ನನಗೆ ತುಂಬ ಇಷ್ಟ. ಅವರು ನಾಸ್ತಿಕರಲ್ಲ, ಈಶ್ವರನಿದ್ದಾನೆಂದು ಸಾಧಿಸಲು ಗ್ರಂಥಗಳನ್ನೇ ಬರೆದವರು. ಆದರೆ ಈಶ್ವರ, ಕಾಲ, ದಿಕ್ಕು, ಪುಣ್ಯಪಾಪಗಳ ಅದೃಷ್ಟ ಇವನ್ನು ಸಾಧಾರಣ ಕಾರಣಗಳ ಸಾಲಿಗೆ ಸೇರಿಸಿದರು. ಅಂದರೆ ಹುಟ್ಟುವ ಪ್ರತಿಯೊಂದಕ್ಕೂ ಇವು ಬೇಕೇ ಬೇಕು. ಪ್ರತಿಯೊಂದಕ್ಕೂ ಬೇಕಾದದ್ದರಿಂದಲೇ, ಈ ಚುಕ್ಕೆ ಯಾಕೆ ಎಡಗಣ್ಣಿಗೆ ಬಿತ್ತು, ಬಲಗಣ್ಣಿಗೆ ಬೀಳಲಿಲ್ಲ ಎಂಬುದಕ್ಕೆ ಅವು ಉತ್ತರವಾಗಲಾರವು. ಕಲೆ ಬಿದ್ದ ಎಡಗಣ್ಣಿಗೆ ದೇವರು ಕಾರಣವಾದರೆ ಕಲೆಯಿಲ್ಲದ ಬಲಗಣ್ಣಿಗೂ ಅವನೇ ಕಾರಣ. ಒಂದನ್ನು ಮಾತ್ರ ಅವನ ಲೆಕ್ಕಕ್ಕೆ ಬರೆಯುವುದು ಭಕ್ತಿಯೂ ಅಲ್ಲ, ನ್ಯಾಯವೂ ಅಲ್ಲ. ಕೆಲವು ಆಚಾರ್ಯರು ಈ ಸಾಲಿಗೆ ಪ್ರತಿಬಂಧಕದ ಅಭಾವವನ್ನೂ ಸೇರಿಸುತ್ತಾರೆ: ಅಡ್ಡಿ ಇಲ್ಲದಿರುವುದೂ ಒಂದು ಕಾರಣ. ನಾಝಲ್ ಕಟ್ಟಿಕೊಂಡವರಿಗೆ ಇದರ ಅರ್ಥ ವಿವರಿಸಬೇಕಿಲ್ಲ.

ಗೌಡರಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಅಡಿಕೆಯ ಮಾತು ತೆಗೆದೆ. ಕೊಳೆರೋಗ ಬಂದಾಗ ಮಳೆಯನ್ನೋ ಗ್ರಹಚಾರವನ್ನೋ ಅನ್ನಬಹುದು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅದರ ಹಿಂದಿನ ರೋಗಾಣುವನ್ನು ಹಿಡಿದು ತೋರಿಸಿ ಬೋರ್ಡೋ ದ್ರಾವಣ ಹೊಡೆಯಿರಿ ಎಂದರು. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು 100 ಲೀಟರ್. "ಗೌಡ್ರೇ, ಕೊಳೆ ಬಂದ್ರೆ ನೀವು ಜೋಯಿಸರನ್ನ ಕೇಳ್ತೀರೋ, ಮೈಲುತುತ್ತ ತರ್ತೀರೋ?"

"ಎರಡೂ ಮಾಡ್ತೀವಿ" ಅಂದರು. ಮುಚ್ಚುಮರೆಯಿಲ್ಲದ ಮನುಷ್ಯ.

ಇನ್ನೊಂದು ವಾದ ನನ್ನ ಜೋಳಿಗೆಯಲ್ಲಿತ್ತು. ಚೌತಿಯ ದಿನ ಪ್ರಾಣಪ್ರತಿಷ್ಠೆ ಆಗುವವರೆಗೆ ಇದು ಮಣ್ಣು. ವಿಸರ್ಜನೆಯಾದ ಮೇಲೂ ಮಣ್ಣು. ಇನ್ನೂ ಆವಾಹನೆ ಆಗದ ಗಣಪತಿ ಅಳುವುದಾದರೂ ಹೇಗೆ? ಹೇಳಿ ಮುಗಿಸುವ ಮೊದಲೇ ಅವರು ನನ್ನ ಬರಿಗಾಲು ನೋಡಿದರು. "ಬರೀ ಮಣ್ಣಾದ್ರೆ ನೀವು ಚಪ್ಪಲಿ ಆಚೆ ಬಿಟ್ಟು ಕೆಲಸ ಮಾಡೋದು ಯಾಕೆ ಭಟ್ರೇ?"

ನನಗೆ ಆಗ ಉತ್ತರ ಹೊಳೆಯಲಿಲ್ಲ. ಈಗ ಅನ್ನಿಸುವುದು ಇಷ್ಟು: ಚಪ್ಪಲಿ ಬಿಟ್ಟರೆ ಸೂಜಿ ನೆಟ್ಟಗಾಗುವುದಿಲ್ಲ, ಹಾಕಿಕೊಂಡರೆ ಟ್ಯಾಂಕಿನಲ್ಲಿ ನೀರು ಹೆಚ್ಚುವುದೂ ಇಲ್ಲ. ಅದು ಕಾರಣವೂ ಅಲ್ಲ, ಕತ್ತೆಯೂ ಅಲ್ಲ. ಅದರಿಂದ ಏನೂ ಆಗಬೇಕಿಲ್ಲ. ಏನಾದರೂ ಆಗಲೆಂದು ಬಿಡುತ್ತಿದ್ದರೆ ಅದೂ ಒಂದು ವ್ಯಾಪಾರವಾಗುತ್ತಿತ್ತು.

ಚುಕ್ಕೆ ಬಿದ್ದ ಜಾಗ ಪೂರ್ತಿ ಒಣಗಲು ಬಿಟ್ಟು, ನಯವಾದ ಉಪ್ಪುಕಾಗದದಲ್ಲಿ ಉಜ್ಜಿ, ಬಿಳಿ ಹೊಡೆದು, ಪೈಪಿನ ನಡುವೆ ತೇವ ಹಿಡಿಯುವ ಬಟ್ಟಲು ಕೂಡಿಸಿ ಕೆನ್ನೆಗೆ ಮತ್ತೆ ಬಣ್ಣ ಕೊಟ್ಟೆ. ಗಣಪತಿ ಪಿಕಪ್ಪಿನಲ್ಲಿ ಟಾರ್ಪಾಲು ಹೊದ್ದು ಹೋದ. ಗೌಡರು ಹೊರನಾಡಿಗೂ ಹೋಗಿ ತಪ್ಪುಕಾಣಿಕೆ ಹಾಕಿ ಬಂದರಂತೆ. ನನ್ನ ಬಾಕಿ ಮಾತ್ರ ದೀಪಾವಳಿ ಕಳೆದ ಮೇಲೆ ಬಂತು.